ಗಿಳಿಹಸಿರು ಶೂಗಳ ಮುನಿಶಾಮಣ್ಣ

ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅರ್ಧ ತೋಳಿನ ಅಂಗಿ, ಹೆಗಲ ಮೇಲೆ ಮಡಿಸಿದ ಟವೆಲ್ಲು, ಇಷ್ಟರ ಕೆಳಗೆ ಗಿಳಿಹಸಿರು ಬಣ್ಣದ ಓಟದ ಶೂ. ಮುನಿಶಾಮಣ್ಣನನ್ನು ನಾನು ಮೊದಲ ಸಲ ನೋಡಿದ್ದು ಹೀಗೆ. ಮಹದೇವಪುರದ ಹಿಂದೆ ಇರುವ ಆ ಹಳ್ಳಿಯಲ್ಲಿ ಈಗ ಹಳ್ಳಿ ಅನ್ನುವಂಥದ್ದು ಉಳಿದಿರುವುದು ಒಂದು ಅರಳಿಕಟ್ಟೆ ಮಾತ್ರ. ಕಟ್ಟೆಯ ಒಂದು ಮಗ್ಗುಲಿಗೆ ಟೆಕ್ ಪಾರ್ಕಿನ ಗಾಜಿನ ಗೋಡೆ, ಇನ್ನೊಂದು ಮಗ್ಗುಲಿಗೆ ಮುನಿಶಾಮಣ್ಣನ ಮೂರಂತಸ್ತಿನ ಮನೆ. ನಾನು ಬಾಡಿಗೆಗೆ ಮನೆ ಕೇಳಿಕೊಂಡು ಬಂದ ಬೆಳಿಗ್ಗೆ ಅವರು ಆ ಕಟ್ಟೆಯನ್ನು ಸುತ್ತುತ್ತಿದ್ದರು. ಮಾತಾಡಲು ನಿಲ್ಲಲಿಲ್ಲ. "ಮ್ಯಾಗಿನ ಮನೆ ಖಾಲಿ ಐತೆ, ಓಗಿ ನೋಡವ್ವ. ನಾನು ಇಂಗೊಂದು ಸುತ್ತು ಬತ್ತೀನಿ" ಎಂದು ಮರದ ಹಿಂದೆ ಮರೆಯಾದರು. ನಾನು ಮನೆ ನೋಡಿ, ನಲ್ಲಿ ತಿರುಗಿಸಿ, ಕಿಟಕಿ ತೆರೆದು ಮುಚ್ಚಿ ಕೆಳಗಿಳಿದು ಬಂದರೂ ಅವರಿನ್ನೂ ಸುತ್ತುತ್ತಲೇ ಇದ್ದರು.

ನಾನು ದಾವಣಗೆರೆ ಕಡೆಯವಳು. ವೈಟ್‌ಫೀಲ್ಡಿನ ಒಂದು ಬಣ್ಣದ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೆಲಸ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ ಹೆಂಗಸಿಗೆ ಮೊದಲು ಬೇಕಾಗುವುದು ಮನೆಯೊಡೆಯನ ಗುಣಾವಗುಣದ ಮಾಹಿತಿ. ಅದನ್ನು ಒದಗಿಸಲು ಓಣಿಯೇ ತುದಿಗಾಲಲ್ಲಿ ನಿಂತಿತ್ತು. ಎಲ್ಲರೂ ಹೇಳಿದ್ದು ಒಂದೇ ಕಥೆ: ಮುನಿಶಾಮಣ್ಣ ದೊಡ್ಡ ದೈವಭಕ್ತ. ಒಬ್ಬಳೇ ಮಗಳು ಮಂಜುಳಾಳನ್ನು ಚಂದಾಪುರಕ್ಕೆ ಕೊಟ್ಟು ಮದುವೆ ಮಾಡಿದ್ದರು. ಬಹಳ ದಿನ ಮಕ್ಕಳಾಗಲಿಲ್ಲ. ಆಗ ಒಂದು ದಿನ ಬೆಳಿಗ್ಗೆ ಇವರು ಎದ್ದವರೇ ಯಾರಿಗೂ ಒಂದು ಮಾತು ಹೇಳದೆ ಅರಳಿಮರ ಸುತ್ತಲು ಶುರುಮಾಡಿದರು. ಕಟ್ಟೆಯ ಮೇಲೆ ನಾಗರಕಲ್ಲುಗಳಿವೆ. ಮಕ್ಕಳಿಲ್ಲದವರು ಸುತ್ತು ಬರುವ ಜಾಗ ಅದು. ಮರುವರ್ಷ ಮಂಜುಳಾಗೆ ಹೆಣ್ಣುಮಗು ಹುಟ್ಟಿತು. ಇನ್ನೇನು ಬೇಕು? ಇಷ್ಟಾದ ಮೇಲೂ ಅವರು ಸುತ್ತುವುದನ್ನು ಬಿಡದೆ ಇದ್ದುದರಿಂದ ಹರಕೆ ಬಲು ಕಠಿಣದ್ದು, ಅದು ಮುಗಿಯುವ ತನಕ ಊರಿನ ಗಡಿ ದಾಟುವಂತಿಲ್ಲ ಎಂದೂ ಸೇರಿಕೊಂಡಿತು. ಶೂ ಹಾಕಿಕೊಂಡು ದೇವರ ಸುತ್ತ ಬರುವುದು ಎಂಥ ಭಕ್ತಿ ಎಂದು ನಾನು ಕೇಳಿದ್ದಕ್ಕೆ ಪಕ್ಕದ ಮನೆಯವರು "ಅವರ ಅರಕೆನೇ ಅಂಗಂತೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ದಿನಾ ಬೆಳಿಗ್ಗೆ ಅಲ್ಲಿ ಒಂದು ಸವಾಲ್ ಜವಾಬ್ ನಡೆಯುತ್ತಿತ್ತು. ಹಾಲಿನ ಗೋಪಾಲ ಕ್ಯಾನು ತೂಗುಹಾಕಿದ ಬೈಕನ್ನು ಕಟ್ಟೆಯ ಹತ್ತಿರ ನಿಧಾನ ಮಾಡಿ, "ಎಲ್ಗೆ ಒಂಟ್ರಿ, ಮುನಿಶಾಮಣ್ಣ?" ಎನ್ನುವನು.

ಮುನಿಶಾಮಣ್ಣ ತಲೆ ತಿರುಗಿಸದೆ, "ಮಗಳ ಮನೆಗೆ" ಎನ್ನುವರು.

ಗೋಪಾಲ ನಗುವನು. ಕಟ್ಟೆಯ ಮೇಲೆ ಪೇಪರು ಹಿಡಿದು ಕೂತ ಮುದುಕರೆಲ್ಲ ನಗುವರು. ಮರ ಸುತ್ತುವ ಮನುಷ್ಯ ಚಂದಾಪುರ ಮುಟ್ಟುವುದು ಯಾವಾಗ ಎಂಬುದು ಅವರ ತಮಾಷೆ. ಅವರ ಪೈಕಿ ವೆಂಕಟಪ್ಪ ಎಂಬ ಬಾಲ್ಯದ ಗೆಳೆಯರೊಬ್ಬರು ಮಾತ್ರ ಪೇಪರಿನಿಂದ ಮುಖ ಎತ್ತುತ್ತಿರಲಿಲ್ಲ. ಅವರಿಗೆ ಕಿವಿ ಮಂದ ಎಂದುಕೊಂಡಿದ್ದೆ.

ನಿಜ ಸಂಗತಿ ನನಗೆ ಗೊತ್ತಾದದ್ದು ಟೆಕ್ ಪಾರ್ಕಿನ ಆಚೆ ಬದಿಯ ಆಸ್ಪತ್ರೆಯಲ್ಲಿ. ಆ ವರ್ಷ ನನ್ನ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಎಂದು ಪತ್ತೆಯಾಗಿತ್ತು. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಪೂರ್ತಿ ವಾಸಿ ಎಂಬುದಿಲ್ಲ, ಹತೋಟಿಯಲ್ಲಿಡಬಹುದು ಎಂದು ಡಾಕ್ಟರಮ್ಮ ಸಮಾಧಾನವಾಗಿ ವಿವರಿಸಿದ್ದರು. ಹೊಟ್ಟೆ ಕರುಳಿನ ವಿಭಾಗದ ಮುಂದೆ ಕಾಯುತ್ತ ಕೂತವಳು ತಲೆ ಎತ್ತಿದರೆ ಎದುರಿಗೆ ಗಿಳಿಹಸಿರು ಶೂ. ಇಬ್ಬರೂ ಒಟ್ಟಿಗೇ ಬೆಚ್ಚಿಬಿದ್ದೆವು.

"ಏನವ್ವ, ಇಲ್ಲಿ?" ಎಂದರು.

"ಸ್ವಲ್ಪ ಗ್ಯಾಸ್ಟ್ರಿಕ್ಕು" ಎಂದೆ.

"ನಂದೂ ಅದೇಯ. ಗ್ಯಾಸ್ಟಿಕ್ಕು" ಎಂದರು.

ನಮ್ಮಲ್ಲಿ ಹೊಟ್ಟೆಯೊಳಗಿನ ಸಮಸ್ತ ರೋಗಗಳಿಗೂ ಈ ಒಂದು ಹೆಸರು ಸಾಕು. ಇದನ್ನು ಹೇಳಿದರೆ ಮುಂದೆ ಯಾರೂ ಕೆದಕುವುದಿಲ್ಲ. ನಾವೂ ಕೆದಕುತ್ತಿರಲಿಲ್ಲವೇನೋ. ಆದರೆ ಔಷಧಿ ಅಂಗಡಿಯ ಕಿಟಕಿಯಲ್ಲಿ ನನ್ನ ಮುಂದೆ ಅವರೇ ನಿಂತಿದ್ದರು. ಅಲ್ಲಿ ಅವರಿಗೆ ಕೊಟ್ಟ ಡಬ್ಬಿ ಮತ್ತು ನನಗೆ ಕೊಟ್ಟ ಡಬ್ಬಿ ಅಕ್ಕತಂಗಿಯರ ಹಾಗೆ ಒಂದೇ ತರ ಇದ್ದವು. ಮುನಿಶಾಮಣ್ಣ ಎರಡನ್ನೂ ನೋಡಿದರು. ಅತ್ತಿತ್ತ ತಿರುಗಿ, ಟವೆಲನ್ನು ಬಾಯಿಗೆ ಅಡ್ಡ ಹಿಡಿದು, "ನಿಂಗೂ ರಕ್ತ ಓಯ್ತದಾ?" ಎಂದು ಪಿಸುಗುಟ್ಟಿದರು. ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅಮ್ಮನಿಗೂ ಬಾಯಿಬಿಟ್ಟು ಹೇಳಲಾಗದ ವಿಷಯವನ್ನು ಮನೆಯೊಡೆಯ ಕೇಳುತ್ತಿದ್ದಾನೆ. ತಲೆಯಾಡಿಸಿದೆ.

"ಜಯಮ್ಮಂಗೆ ಬಿಟ್ಟು ಊರಲ್ಲಿ ಯಾರ್ಗೂ ಗೊತ್ತಿಲ್ಲ" ಎಂದರು. ಜಯಮ್ಮ ಅವರ ಹೆಂಡತಿ. "ನೀನೂ ಬಾಯಿ ಬಿಡಬ್ಯಾಡ. ನಾಳೆಯಿಂದ ಕಟ್ಟೆ ತಾವ ಬಾ."

ಆಗ ನನ್ನ ಸ್ಥಿತಿ ಹೇಳಿಕೊಳ್ಳುವ ಹಾಗಿರಲಿಲ್ಲ. ಬಟ್ಟೆ ಒಣಹಾಕಿ ಬಂದರೆ ಮಲಗಬೇಕು. ಕಾರ್ಖಾನೆಯ ಬಸ್ಸು ಹತ್ತುವುದನ್ನೇ ಬಿಟ್ಟಿದ್ದೆ. ಹೋಪ್ ಫಾರ್ಮಿನ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡರೆ ಇಳಿದು ಎಲ್ಲಿಗೆ ಓಡುವುದು? ರಜೆ ಹಾಕಿ ಮನೆಯಲ್ಲೇ ಕೂತಿದ್ದೆ. ಗೆಳತಿಯರ ಮದುವೆ, ಮುಂಜಿ, ಮಂಡಕ್ಕಿ ಮಿರ್ಚಿ ಎಲ್ಲವನ್ನೂ ಒಂದೊಂದಾಗಿ ಬಿಟ್ಟಿದ್ದೆ. ದಿನಾ ಸ್ವಲ್ಪ ನಡೆಯಿರಿ, ಸುಸ್ತು ಕಡಿಮೆಯಾಗುತ್ತದೆ, ನಿದ್ದೆ ಬರುತ್ತದೆ, ಮೂಳೆಗೂ ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ಎಲ್ಲಿ ನಡೆಯಲಿ? ಕೆರೆಯ ಸುತ್ತ ಒಳ್ಳೆಯ ದಾರಿ ಮಾಡಿದ್ದಾರೆ, ಬೆಂಚು ಹಾಕಿದ್ದಾರೆ, ಅದರ ಉದ್ದಕ್ಕೂ ಒಂದು ಶೌಚಾಲಯವಿಲ್ಲ.

ಮುನಿಶಾಮಣ್ಣನಿಗೂ ಹಾಗೇ ಸಿಟ್ಟು ಬಂದಿತ್ತಂತೆ. ಆದರೆ ನನ್ನ ಸಿಟ್ಟು ನನ್ನನ್ನು ಮಂಚದ ಮೇಲೆ ಮಲಗಿಸಿತು, ಅವರ ಸಿಟ್ಟು ಅವರನ್ನು ಮರ ಸುತ್ತಲು ಹಚ್ಚಿತು. "ನೆಟ್ಟಗೆ ಓದ್ರೆ ಅಷ್ಟೇ ದೂರ ವಾಪಸ್ ಬರ್ಬೇಕಾಯ್ತದೆ. ಮಧ್ಯ ಬಂದ್ಬಿಟ್ರೆ ಗತಿ? ಇಲ್ಲಿ ಎಷ್ಟು ದೂರ ಓದ್ರೂ ಮನೆ ಎದುರ್ಗೇ ಇರ್ತದೆ" ಎಂದು ತಮ್ಮ ಗೇಟಿನ ಪಕ್ಕ ತೋರಿಸಿದರು. ಅಲ್ಲಿ ಗುಲಾಬಿ ಬಣ್ಣ ಬಳಿದ ಒಂದು ಕಕ್ಕಸು. ಅದರ ಬಾಗಿಲಿಗೆ ಎಂದೂ ಬೀಗ ಬೀಳುತ್ತಿರಲಿಲ್ಲ. ಬಂದ ನೆಂಟರಿಗೆ ಬೇರೆಯವರು ದೇವರಮನೆ ತೋರಿಸಿದರೆ ಇವರು ಇದನ್ನು ತೋರಿಸುತ್ತಿದ್ದರು. "ಟೈಲ್ಸ್ ನೋಡವ್ವ. ಅಡುಗೆಮನೆಗೂ ಇಂಥದು ಆಕಿಲ್ಲ ನಾನು."

ಮೊದಲ ದಿನ ನನ್ನಿಂದ ಆದದ್ದು ಒಂದೇ ಸುತ್ತು. ಕಟ್ಟೆಗೆ ಒರಗಿ ಏದುಸಿರು ಬಿಟ್ಟೆ. ಬೈಯುತ್ತಾರೆಂದು ಕಾದರೆ ಅವರು ಸುತ್ತಿ ಬಂದು, "ಕೂತ್ಕೋ. ಸಾಕು ಇವತ್ತಿಗೆ" ಎಂದು ಮುಂದೆ ಹೋದರು. ಮರುದಿನ ಮತ್ತೆ ಹೋದೆ. ಒಂದು ತಿಂಗಳಲ್ಲಿ ಅವರ ಸಮಕ್ಕೆ ನಡೆಯುವಷ್ಟಾದೆ. ರಾತ್ರಿ ನಿದ್ದೆ ಬರತೊಡಗಿತು. ಮೇಲಿನ ಮನೆಯವಳಿಗೆ ಗಂಡು ಸಿಗಲೆಂದು ಹರಕೆ ಎಂಬ ಸುದ್ದಿಯೂ ಅಷ್ಟರಲ್ಲಿ ಓಣಿ ತುಂಬ ಹಬ್ಬಿತ್ತು. "ಇರ್ಲಿ ಬಿಡು, ಗ್ಯಾಸ್ಟಿಕ್ಕಿಗಿಂತ ಗಂಡನೇ ವಾಸಿ" ಎಂದು ಮುನಿಶಾಮಣ್ಣ ನಕ್ಕರು.

ಅವರಲ್ಲಿ ಹಠ ಬಹಳ, ಜಂಬವೂ ಕಡಿಮೆಯಲ್ಲ. ಪಂಚೆಗೆ ತಾವೇ ಇಸ್ತ್ರಿ ಹಾಕಬೇಕು, ಜಯಮ್ಮ ಹಾಕಿದರೆ ಅಂಚು ಕೂಡುವುದಿಲ್ಲ. ಅಂಥ ಮನುಷ್ಯ ಒಂದು ದಿನ ನಡೆಯುತ್ತಲೇ, ನನ್ನ ಮುಖ ನೋಡದೆ, ತಾವು ಊರು ಬಿಟ್ಟು ಹೋಗದ ಕಾರಣ ಹೇಳಿದರು. ಮಗಳನ್ನು ಗಂಡನ ಮನೆ ತುಂಬಿಸಿ ವ್ಯಾನಿನಲ್ಲಿ ನೆಂಟರ ಜೊತೆ ವಾಪಸ್ ಬರುವಾಗ ಸಿಲ್ಕ್ ಬೋರ್ಡ್ ಸರ್ಕಲ್ಲಿನಲ್ಲಿ ಗಾಡಿಗಳು ಕಟ್ಟಿಕೊಂಡವು. ಆಗಿನ್ನೂ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. "ಬಿಳೀ ಪಂಚೆ ಕಣವ್ವ" ಎಂದಷ್ಟೇ ಹೇಳಿ ಮುಂದೆ ನಡೆದರು. ಅರ್ಧ ಸುತ್ತು ಕಳೆದ ಮೇಲೆ, "ವೆಂಕಟಪ್ಪ ಪಕ್ಕದಲ್ಲಿದ್ದ. ಅವನ ಟವೆಲ್ಲು ಕೊಟ್ಟ ಸುತ್ಕಳ್ಳಾಕೆ. ಇವತ್ತಿನ ತಂಕ ಒಬ್ರ ತಾವ ಬಾಯಿ ಬಿಟ್ಟಿಲ್ಲ, ಪುಣ್ಯಾತ್ಮ" ಎಂದರು. ನಾನು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ವೆಂಕಟಪ್ಪನವರನ್ನು ನೋಡಿದೆ. ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆ ದಿನದಿಂದ ಮುನಿಶಾಮಣ್ಣ ಚಂದಾಪುರದ ಕಡೆ ತಲೆ ಹಾಕಿರಲಿಲ್ಲ. ಮಂಜುಳಾ ಹೆರಿಗೆಗೆ ತವರಿಗೆ ಬಂದಳು. ಐದು ತಿಂಗಳು ಇವರು ಮೊಮ್ಮಗಳನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಬಾಣಂತನ ಮುಗಿದು ತೊಟ್ಟಿಲ ಸಮೇತ ತಾಯಿಮಗುವನ್ನು ಗಂಡನ ಮನೆಗೆ ಬಿಟ್ಟುಬರಬೇಕಾದವನು ತಂದೆ. ಹೊರಡುವ ಹೊತ್ತಿಗೆ ಇವರು ಗುಲಾಬಿ ಬಾಗಿಲ ಹಿಂದೆ ಕೂತುಬಿಟ್ಟರು. ಭಾಮೈದ ಹೋಗಿ ಬಿಟ್ಟುಬಂದ. ಬೀಗರಿಗೆ ಅವಮಾನವಾಯಿತು. ಅವಳಪ್ಪನಿಗೆ ನಮ್ಮ ಹೊಸಿಲು ಆಗಿಬರುವುದಿಲ್ಲ ಎಂದು ಆಡಿಕೊಂಡರು. ಮಗಳೂ ಫೋನು ಕಡಿಮೆ ಮಾಡಿದಳು. ಹೇಳಿಬಿಡಿ ಎಂದು ಜಯಮ್ಮ ಬೇಡಿಕೊಂಡರೂ ಇವರು ಒಪ್ಪಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ತನ್ನ ಕಕ್ಕಸಿನ ಸುದ್ದಿ ಹರಡುವುದಕ್ಕಿಂತ ಕೋಪಿಷ್ಠ ಅನ್ನಿಸಿಕೊಳ್ಳುವುದು ಮೇಲು. ಹಾಗಾಗಿ ದಿನಾ ಬೆಳಿಗ್ಗೆ ಗೋಪಾಲನಿಗೆ ಅವರು ಕೊಡುತ್ತಿದ್ದ ಉತ್ತರ ತಮಾಷೆಯಾಗಿರಲಿಲ್ಲ. ಕಾಲು ಗಟ್ಟಿಯಾದರೆ, ಹೊಟ್ಟೆಯ ಮೇಲೆ ಒಂದಿಷ್ಟು ನಂಬಿಕೆ ಬಂದರೆ ಒಂದು ದಿನ ಹೋಗಿಯೇ ಹೋಗುತ್ತೇನೆಂದು ಅವರು ನಿಜವಾಗಿಯೂ ಮಗಳ ಮನೆಗೆ ನಡೆಯುತ್ತಿದ್ದರು.

ಇಂಥ ಗುಟ್ಟನ್ನು ಅವರು ಬಿಟ್ಟುಕೊಟ್ಟದ್ದು ಯಾರಿಗಾಗಿ ಎಂದರೆ, ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸಿಗಾಗಿ. ಒಂದು ಭಾನುವಾರ ಹತ್ತಿರದ ಅಪಾರ್ಟ್‌ಮೆಂಟಿನ ಗಂಡಹೆಂಡತಿ ತಟ್ಟೆಯಲ್ಲಿ ಹೂವು ಕಾಯಿ ಹಿಡಿದು ಕಟ್ಟೆಗೆ ಬಂದರು. ಆಕೆ ನೇರ ಬಂದು ಗಿಳಿಹಸಿರು ಶೂಗಳಿಗೆ ನಮಸ್ಕಾರ ಮಾಡಿದಳು.

"ಅಂಕಲ್, ನಿಮ್ಮ ಹರಕೆಯಿಂದಾನೇ ಮಗಳಿಗೆ ಮಗು ಆಯ್ತಂತೆ. ನಮಗೂ ವಿಧಾನ ಹೇಳ್ಕೊಡಿ. ಆಸ್ಪತ್ರೆ ಸಾಕಾಗೋಗಿದೆ. ಮುಂದಿನ ವಾರ ಇನ್ನೊಂದು ಟ್ರೀಟ್‌ಮೆಂಟ್ ಇತ್ತು, ಅದನ್ನ ಕ್ಯಾನ್ಸಲ್ ಮಾಡ್ಬಿಟ್ಟು ಇಲ್ಲೇ ಸುತ್ತೋಣ ಅಂತಿದೀನಿ."

ಮುನಿಶಾಮಣ್ಣ ಮೊದಲ ಬಾರಿಗೆ ನಡಿಗೆ ನಿಲ್ಲಿಸಿದರು. ಕಟ್ಟೆಯ ಮೇಲೆ ಮುದುಕರೆಲ್ಲ ಇದ್ದರು, ಗೋಪಾಲನಿದ್ದ, ನೀರು ಹಿಡಿಯುತ್ತಿದ್ದ ಹೆಂಗಸರಿದ್ದರು. ಏನೋ ಒಂದು ಹೇಳಿ ಸಾಗಹಾಕಬಹುದಿತ್ತು. ಅವರು ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಏಳು ಮ್ಯಾಕೆ, ತಾಯಿ. ನಂದು ಅರಕೆ ಅಲ್ಲ" ಎಂದರು. "ನಂಗೆ ಕರುಳಿನ ಕಾಯಿಲೆ. ಬಂತು ಅಂದ್ರೆ ತಡೆಯಾಕಾಗಲ್ಲ. ಡಾಕ್ಟ್ರು ನಡೀ ಅಂದ್ರು. ಕಕ್ಕಸು ಅತ್ರ ಇರ್ಲಿ ಅಂತ ಈ ಮರ ಇಡ್ಕಂಡೆ, ಅಷ್ಟೇಯ. ಇಲ್ಲೊಂದು ಲೈಟು ಕಂಬ ಇದ್ದಿದ್ರೆ ಅದನ್ನೇ ಸುತ್ತುತಿದ್ದೆ. ಮಗೂನ ಕೊಟ್ಟಿದ್ದು ಭಗವಂತ, ಅವರವ್ವ ಅಪ್ಪ. ನನ್ ಶೂ ಅಲ್ಲ. ನೀನು ಮರ ಸುತ್ತು, ಬ್ಯಾಡ ಅನ್ನಲ್ಲ. ಆದ್ರೆ ಡಾಕ್ಟ್ರನ್ನ ಮಾತ್ರ ಬಿಡಬ್ಯಾಡ ಕಣವ್ವ. ನಾನೂ ಗುಳಿಗೆ ನುಂಗೇ ಸುತ್ತಾದು."

ಗೋಪಾಲ ಬೈಕಿನ ಹ್ಯಾಂಡಲ್ ಒರೆಸುವ ನಾಟಕ ಮಾಡಿದ. ಆಗ ವೆಂಕಟಪ್ಪ ಪೇಪರು ಮಡಿಸಿ ಗಟ್ಟಿಯಾಗಿ, "ಅಯ್ಯೋ, ಅದೇನು ಮಾ ದೊಡ್ಡದು ಅಂತ ಏಳ್ತೀಯೋ! ನಂಗೆ ಮೂಲವ್ಯಾಧಿ ಆಗಿ ಇಪ್ಪತ್ತು ವರ್ಸ ಆಯ್ತು" ಎಂದರು. ಇನ್ನೊಬ್ಬ ಮುದುಕರು ತಮಗೆ ಒಂದಕ್ಕೆ ಕಟ್ಟುತ್ತದೆ ಎಂದರು. ಮತ್ತೊಬ್ಬರು ಸಕ್ಕರೆ ಕಾಯಿಲೆ ತೆಗೆದರು. ಹೊತ್ತೇರುವುದರೊಳಗೆ ಆ ಕಟ್ಟೆಯ ಮೇಲೆ ಊರಿನ ಸಕಲ ರೋಗಗಳೂ ಹೊರಬಿದ್ದು ಎಲ್ಲರೂ ಒಂದು ಬಗೆಯ ಹುಮ್ಮಸ್ಸಿನಲ್ಲಿದ್ದರು. ಆ ಹೆಂಗಸು ಕಣ್ಣೊರೆಸಿಕೊಂಡು ನಾಗರಕಲ್ಲಿಗೆ ಹೂವಿಟ್ಟು, "ಡಾಕ್ಟ್ರ ಹತ್ರ ಹೋಗ್ತೀನಿ ಅಂಕಲ್" ಎಂದು ಹೇಳಿ ಹೋದಳು. ಮುನಿಶಾಮಣ್ಣ ಉಳಿದ ಸುತ್ತು ಮುಗಿಸಿಯೇ ಗೇಟು ತೆಗೆದರು. ಆವತ್ತು ನನಗೆ ಅವರ ಮೇಲೆ ಬಂದ ಗೌರವ ದೊಡ್ಡದು. ನನ್ನ ಸಹೋದ್ಯೋಗಿಗಳೆದುರು ನಾನಿನ್ನೂ ಗ್ಯಾಸ್ಟ್ರಿಕ್ಕು ಅನ್ನುತ್ತಲೇ ಇದ್ದೆ.

ಸುದ್ದಿ ಸಂಜೆಗೆ ಚಂದಾಪುರ ಮುಟ್ಟಿತು. ಮಂಜುಳಾ ಫೋನು ಮಾಡಿದಾಗ ನಾನು ಅವರ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆ. ಮುನಿಶಾಮಣ್ಣನಿಗೆ ಫೋನು ಕಿವಿಗಿಟ್ಟು ಮಾತಾಡಿ ಅಭ್ಯಾಸವಿಲ್ಲ, ಸ್ಪೀಕರೇ ಬೇಕು.

"ಅಪ್ಪಾ, ಇಷ್ಟಕ್ಕಾ ನೀನು ಬರ್ದೇ ಇದ್ದಿದ್ದು? ಇವ್ರ ಮನೇಲೆಲ್ಲ ನಿಂಗೆ ಕೋಪ ಅಂದ್ಕೊಂಡಿದ್ರು. ನಾನೂ ಅಂಗೇ ಅಂದ್ಕೊಂಡಿದ್ದೆ ಕಣಪ್ಪಾ" ಎಂದು ಅವಳು ಅತ್ತಳು.

"ಬತ್ತೀನಿ ಕಣವ್ವ."

"ಯಾವಾಗ ಬರ್ತೀಯಾ?"

"ಒಂಟಿವ್ನಿ. ದಾರೀಲಿವ್ನಿ" ಎಂದರು ಮುನಿಶಾಮಣ್ಣ.

ಅಲ್ಲಿಂದ ಅವರ ಸುತ್ತು ದೊಡ್ಡದಾಗತೊಡಗಿತು. ಮೊದಲು ಓಣಿಯನ್ನು ಸೇರಿಸಿಕೊಂಡರು, ಆಮೇಲೆ ಟೆಕ್ ಪಾರ್ಕಿನ ಹಿಂಬದಿ, ಆಮೇಲೆ ಕೆರೆಯ ತನಕ. ಈಗ ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ ದಾರಿಯ ಮೇಲಿನ ಎಲ್ಲ ಮನೆಯವರಿಗೂ ಮೊದಲೇ ಹೇಳಿಟ್ಟರು: "ಒಂದೊಂದು ದಿನ ಓಡ್ಬತ್ತೀನಿ, ಬಾಗ್ಲು ತಗೀರಪ್ಪ." ಎಲ್ಲರೂ ತೆಗೆದರು. ಟೆಕ್ ಪಾರ್ಕಿನ ಸೆಕ್ಯುರಿಟಿಯವನು ಕೂಡ ತನ್ನ ಗೇಟಿನ ಪಕ್ಕದ ಶೌಚಾಲಯ ತೋರಿಸಿದ. ಆಮೇಲೆ ನಾವಿಬ್ಬರೂ ರಿಂಗ್ ರೋಡಿನಲ್ಲಿ ಬಸ್ಸು ಹತ್ತಿ ಒಂದು ಸ್ಟಾಪು ದಾಟಿ ಇಳಿದು ನಡೆದುಕೊಂಡು ಬರುವ ಅಭ್ಯಾಸ ಶುರುಮಾಡಿದೆವು. ಬಸ್ಸಿನಲ್ಲಿ ಅವರು ಮುಂದಿನ ಸರಳನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿದು ಕೂರುತ್ತಿದ್ದರು. ಅದನ್ನು ನೋಡುತ್ತ ನೋಡುತ್ತಲೇ ನಾನು ಒಂದು ದಿನ ಕಾರ್ಖಾನೆಯ ಬಸ್ಸನ್ನೂ ಹತ್ತಿದೆ. ಮುಂದಿನ ಸೀಟಿನಲ್ಲಿ ಕೂತು ಡ್ರೈವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಷ್ಟೇ ತಾನೇ ಮೇಡಂ? ಹೇಳಿ, ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ" ಎಂದ. ಇದಕ್ಕಾಗಿ ಅಷ್ಟು ದಿನ ಮನೆಯಲ್ಲಿ ಕೂತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ರೇಗಿತು.

ಇಷ್ಟಾದರೂ ಕಾಯಿಲೆ ಕಾಯಿಲೆಯೇ. ಮಳೆಗಾಲದ ಕೊನೆಗೆ ಮುನಿಶಾಮಣ್ಣನಿಗೆ ಮತ್ತೆ ಕೆರಳಿತು. ಆಸ್ಪತ್ರೆಗೆ ಸೇರಿ ಬಂದರು. ಔಷಧಿಗೆ ಮುಖ ಊದಿತ್ತು, ಕಾಲು ಕಡ್ಡಿಯಾಗಿತ್ತು. ಈಗ ನಡಿಗೆ ಬೇಡ, ಮೈ ಕೇಳುವ ತನಕ ಸುಮ್ಮನಿರಿ ಎಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದರು. ಹಠಮಾರಿ ಮನುಷ್ಯ ಕೇಳುವುದಿಲ್ಲವೆಂದೇ ನಾನು ಅಂದುಕೊಂಡೆ. ಅವರು ಕೇಳಿದರು. ದಿನಾ ಬೆಳಿಗ್ಗೆ ಶೂ ಹಾಕಿ ಲೇಸು ಕಟ್ಟಿ ಬಂದು ಕಟ್ಟೆಯ ಮೇಲೆ ಕೂರುವರು. ಗೋಪಾಲ ತನ್ನ ಪ್ರಶ್ನೆ ಕೇಳದೆ ಮೆಲ್ಲಗೆ ದಾಟಿಹೋಗುತ್ತಿದ್ದ. ಒಂದು ದಿನ ಅವರೇ ಅವನನ್ನು ಕೂಗಿ ನಿಲ್ಲಿಸಿ, "ಯಾಕ್ಲಾ ಕೇಳಾಕಿಲ್ಲ? ಕೂತಿವ್ನಿ ಅಷ್ಟೇ. ಮಗಳ ಮನೆಗೇ ಓಯ್ತಿರಾದು" ಎಂದು ಗದರಿದರು. ಹಾಗೆ ಗದರಿ ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿತ್ತು. "ಮಗು ನಡಿಯಾಕೆ ಕಲೀತಂತೆ ಕಣವ್ವ. ನಾನು ಇಲ್ಲಿ ಕೂತಿವ್ನಿ." ನಾನು ಪಕ್ಕದಲ್ಲಿ ಕೂತೆ.

ಚಳಿಗಾಲದ ಹೊತ್ತಿಗೆ ಹೊಟ್ಟೆ ಹತೋಟಿಗೆ ಬಂತು. ಮತ್ತೆ ಕಟ್ಟೆಯಿಂದಲೇ, ಮೊದಲ ದಿನದ ನನ್ನ ಹಾಗೆ ಒಂದು ಸುತ್ತಿನಿಂದಲೇ ಶುರುಮಾಡಿದರು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ನನ್ನನ್ನು ಕೆಳಗೆ ಕರೆದರು. ನಮ್ಮ ವಿಭಾಗ ಪೀಣ್ಯಕ್ಕೆ ಸ್ಥಳಾಂತರವಾಗಿತ್ತು. ಆ ವಾರದ ಕೊನೆಗೆ ನಾನು ಮನೆ ಖಾಲಿ ಮಾಡುವವಳಿದ್ದೆ. ಅದನ್ನು ಮಾತಾಡಲು ಕರೆದರೆಂದು ಹೋದರೆ ಮೇಜಿನ ಮೇಲೆ ಎರಡು ಪಂಚೆ ಇಸ್ತ್ರಿಯಾಗುತ್ತಿದ್ದವು. ನಸುಕಿಗೆ ಅಳಿಯ ಕಾರು ತರುತ್ತಾನೆ ಎಂದರು. ಜಯಮ್ಮ ನನ್ನ ಹತ್ತಿರ, "ನೀನಾದ್ರೂ ಏಳವ್ವ. ಒಂದು ಕರೀ ಪ್ಯಾಂಟು ತಂದಿಟ್ಟಿವ್ನಿ, ಆಕ್ಕಳಲ್ಲ ಅಂತವ್ರೆ" ಎಂದು ದೂರಿದರು.

"ಕಳ್ಳನಂಗೆ ಓಗಲಾ ಮಗಳ ಮನೆಗೆ?" ಎಂದರು ಮುನಿಶಾಮಣ್ಣ, ಅಂಚಿಗೆ ಅಂಚು ಕೂಡಿಸುತ್ತ. "ಇನ್ನೊಂದು ಬ್ಯಾಗಲ್ಲಿ ಇರ್ಲಿ. ಆದ್ರೆ ಆದಾತು. ಒಗೆದ್ರೆ ಓಯ್ತದೆ." ಆಮೇಲೆ ನನ್ನನ್ನು ನೋಡಿ, "ಪೀಣ್ಯದಲ್ಲಿ ಮರ ಐತಾ?" ಎಂದು ಕೇಳಿದರು.

"ಹುಡುಕ್ತೀನಿ" ಎಂದೆ.

"ಸಿಗದಿದ್ರೆ ಲೈಟು ಕಂಬ."

ಅದೇ ನಾವು ಕೊನೆಯ ಸಲ ಎದುರೆದುರು ಮಾತಾಡಿದ್ದು. ಅವರು ಮೊಮ್ಮಗಳ ಜೊತೆ ಚಂದಾಪುರದಲ್ಲೇ ಇದ್ದುಬಿಟ್ಟರು, ನಾನು ಪೀಣ್ಯದ ಕಡೆಗೆ ಬಂದೆ.

ಅವರು ಹೊರಟುಹೋದ ಆ ಬೆಳಿಗ್ಗೆ ನಾನೊಬ್ಬಳೇ ಕಟ್ಟೆ ಸುತ್ತುತ್ತಿದ್ದೆ. ಜಗಲಿಯ ಮೇಲೆ ಗಿಳಿಹಸಿರು ಶೂ ಇರಲಿಲ್ಲ, ಗುಲಾಬಿ ಬಾಗಿಲು ಮಾತ್ರ ಎಂದಿನಂತೆ ತೆರೆದಿತ್ತು. ಗೋಪಾಲ ಬೈಕು ನಿಧಾನ ಮಾಡಿ, "ಎಲ್ಲಿ ಮೇಡಂ, ಮುನಿಶಾಮಣ್ಣ ಕಾಣಲ್ಲ?" ಎಂದ.

"ಮಗಳ ಮನೆಗೆ" ಎಂದೆ.

ಅವನು ಎಂದಿನಂತೆ ನಕ್ಕ. ಮುದುಕರೂ ನಕ್ಕರು. ನಾನು ನಗಲಿಲ್ಲ. ಗೋಪಾಲ ನನ್ನ ಮುಖ ನೋಡಿದ, ಖಾಲಿ ಜಗಲಿ ನೋಡಿದ, ಬೈಕು ಆಫ್ ಮಾಡಿದ. "ನಿಜವಾಗ್ಲೂನಾ ಮೇಡಂ?"

"ತಲುಪಿದ್ರಂತೆ. ಈಗ ಜಯಮ್ಮ ಫೋನ್ ಮಾಡಿದ್ರು. ಮಗು ಶೂ ಬಿಚ್ಚೋಕೇ ಬಿಡ್ತಿಲ್ವಂತೆ, ಕೈ ಹಿಡ್ಕೊಂಡು ಅಂಗಳದಲ್ಲಿ ಸುತ್ತಿಸ್ತಾ ಇದೆಯಂತೆ."

ವೆಂಕಟಪ್ಪ ಕಟ್ಟೆಯಿಂದ ಇಳಿದು ನನ್ನ ಹತ್ತಿರ ಬಂದರು. ಪೇಪರನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಬೇರೆಯವರಿಗೆ ಕೇಳಿಸದಂತೆ, "ಉಟ್ಟಿದ್ದು ಯಾವ ಪಂಚೆ ಅಂತೆ? ಒಂಟಾಗ ಉಟ್ಟಿದ್ದೇನಾ?" ಎಂದು ಕೇಳಿದರು.

"ಹೊರಟಾಗ ಉಟ್ಟಿದ್ದೇ" ಎಂದೆ. "ಇನ್ನೊಂದು ಬ್ಯಾಗಲ್ಲೇ ಇದೆಯಂತೆ."

ವೆಂಕಟಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕಣ್ಣೊರೆಸಿಕೊಂಡರು.